ತ್ರೈರಾಶಿಗೆ ಒಡೆಯನುಂಟೆ?

ಹೊಸ ಯಂತ್ರವೊಂದನ್ನು ಕಂಡುಹಿಡಿದವನಿಗೆ ಅದರ ಫಲ ಕೆಲಕಾಲವಾದರೂ ಸಲ್ಲಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಪೇಟೆಂಟು ಎಂಬ ವ್ಯವಸ್ಥೆಗೆ ತಳಹದಿ ಇದೇ. ಅದು ಸಂಶೋಧಕನಿಗೂ ಸಮಾಜಕ್ಕೂ ನಡುವೆ ಆಗುವ ಒಂದು ಕರಾರು. "ನಿನ್ನ ಗುಟ್ಟನ್ನು ಮುಚ್ಚುಮರೆಯಿಲ್ಲದೆ ಬರೆದು ಎಲ್ಲರ ಮುಂದಿಡು, ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ನಿನ್ನ ಅಪ್ಪಣೆಯಿಲ್ಲದೆ ಇನ್ನಾರೂ ಅದನ್ನು ಬಳಸದಂತೆ ನೋಡಿಕೊಳ್ಳುತ್ತೇನೆ" ಎಂದು ಸಮಾಜವು ಸಂಶೋಧಕನಿಗೆ ಮಾತು ಕೊಡುತ್ತದೆ. ಅವಧಿ ತೀರಿದ ಮೇಲೆ ಆ ವಿದ್ಯೆ ಸರ್ವರ ಸೊತ್ತು. ಉಗಿಯಂತ್ರಕ್ಕೋ ಹೊಲಿಗೆಯಂತ್ರಕ್ಕೋ ಈ ಕರಾರನ್ನು ಅನ್ವಯಿಸಿದಾಗ ಅದರ ನ್ಯಾಯ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕಂಡುಹಿಡಿದದ್ದು ಯಂತ್ರವಲ್ಲ, ಲೆಕ್ಕ ಮಾಡುವ ಒಂದು ಕ್ರಮ ಎಂದಾದರೆ? ಗಣಕಯಂತ್ರಗಳ ಈ ಯುಗದಲ್ಲಿ ಇದು ನ್ಯಾಯವಾದಿಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಾಳೆ ಎಂಜಿನಿಯರುಗಳಾಗಲಿರುವ ನಮ್ಮ ವಿದ್ಯಾರ್ಥಿಗಳು ಇಂದೇ ಆಲೋಚಿಸಬೇಕಾದ ಪ್ರಶ್ನೆ. ನಡೆದ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡು ಅದನ್ನು ಪರಿಶೀಲಿಸೋಣ.

ದೇಹವನ್ನು ಕೊಯ್ಯದೆಯೇ ಅದರ ಒಳಗನ್ನು ಪದರ ಪದರವಾಗಿ ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ವಾಚಕರು ಬಲ್ಲರು. 1971ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅದು ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆಯಿತು. ಈ ವಿದ್ಯೆಯನ್ನು ಬೆಳೆಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ಕಣ್ಣಿಗೆ ಚಿತ್ರವಾಗಿ ಕಾಣುವ ಪ್ರತಿಯೊಂದು ಪದರವೂ ಯಂತ್ರದ ಪಾಲಿಗೆ ಅಂಕಿಗಳ ಒಂದು ಕೋಷ್ಟಕವೇ ಹೊರತು ಬೇರೆಯಲ್ಲ. ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕಡಿಮೆ, ಎಲುಬಿಗೆ ಸೊನ್ನೆಗಿಂತ ನೂರಾರು ಹೆಚ್ಚು, ಹೀಗೆ ಒಂದೊಂದು ಬಿಂದುವಿಗೂ ಒಂದೊಂದು ಅಂಕಿ. ಇಂತಹ ಹತ್ತಾರು ಪದರಗಳನ್ನು ಒಂದೊಂದಾಗಿ ನೋಡಿ, ಅವುಗಳನ್ನು ಮನಸ್ಸಿನಲ್ಲಿಯೇ ಒಂದರ ಮೇಲೊಂದು ಜೋಡಿಸಿ, ಮುರಿದ ದವಡೆಯ ಆಕಾರ ಹೀಗಿದ್ದೀತೆಂದು ಶಸ್ತ್ರವೈದ್ಯನು ಊಹಿಸಿಕೊಳ್ಳಬೇಕಾಗಿತ್ತು. ಪದರಗಳಿಂದ ಇಡೀ ಎಲುಬಿನ ರೂಪವನ್ನು ಗಣಕಯಂತ್ರವೇ ಕಟ್ಟಿ ತೋರಿಸುವಂತಿದ್ದರೆ?

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದಲ್ಲಿದ್ದ ವಿಲಿಯಂ ಲೊರೆನ್ಸನ್ ಎಂಬ ಸಾಫ್ಟ್‌ವೇರ್ ಎಂಜಿನಿಯರರೂ ಅವರ ಸಹೋದ್ಯೋಗಿ ಹಾರ್ವೆ ಕ್ಲೈನ್ ಅವರೂ ಈ ಕಾರ್ಯವನ್ನು ಸಾಧಿಸಿದರು. ಅವರ ವಿಧಾನ ಎಷ್ಟು ಸರಳವೆಂಬುದನ್ನು ನೋಡಿ. ಒಂದು ಪದರದಿಂದ ಅಕ್ಕಪಕ್ಕದ ನಾಲ್ಕು ಬಿಂದುಗಳನ್ನೂ ಅದರ ಮುಂದಿನ ಪದರದಿಂದ ಅವುಗಳಿಗೆ ಎದುರಾದ ನಾಲ್ಕು ಬಿಂದುಗಳನ್ನೂ ತೆಗೆದುಕೊಂಡರೆ ಎಂಟು ಮೂಲೆಗಳ ಒಂದು ಪುಟ್ಟ ಘನ ದೊರೆಯುತ್ತದೆ. ಎಲುಬಿನ ಮೇರೆಯನ್ನು 300 ಎಂದು ಇಟ್ಟುಕೊಂಡರೆ ಪ್ರತಿಯೊಂದು ಮೂಲೆಯೂ ಎಲುಬಿನ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಎಂಟು ಮೂಲೆಗಳಿಗೆ ಒಟ್ಟು 256 ಬಗೆಗಳು. ಘನವನ್ನು ತಿರುಗಿಸಿ ನೋಡಿ, ಒಳಹೊರಗುಗಳನ್ನು ಅದಲುಬದಲು ಮಾಡಿದರೆ, ಮೇಲ್ಮೈ ಹಾದೇ ಹೋಗದ ಒಂದು ಬಗೆಯೂ ಸೇರಿ, ನಿಜವಾಗಿ ಬೇರೆಬೇರೆಯಾದವು 15 ಮಾತ್ರ ಉಳಿಯುತ್ತವೆ. ಯಾವ ಬಗೆಯಲ್ಲಿ ಎಂತಹ ತ್ರಿಕೋನಗಳನ್ನು ಘನದೊಳಗೆ ಎಳೆಯಬೇಕೆಂಬುದನ್ನು ಮೊದಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡರಾಯಿತು. ಗಣಕಯಂತ್ರವು ಒಂದು ಘನದಿಂದ ಮುಂದಿನ ಘನಕ್ಕೆ ಹೆಜ್ಜೆಯಿಡುತ್ತ, ಪಟ್ಟಿಯನ್ನು ನೋಡಿ ತ್ರಿಕೋನಗಳನ್ನು ಹಾಕುತ್ತ ಹೋಗುತ್ತದೆ. ಈ ನಡಿಗೆಯಿಂದಲೇ ಆ ವಿಧಾನಕ್ಕೆ 'ಮಾರ್ಚಿಂಗ್ ಕ್ಯೂಬ್ಸ್' ಎಂಬ ಹೆಸರು ಬಂದಿದೆ.

ತ್ರಿಕೋನದ ತುದಿಯು ಘನದ ಅಂಚಿನ ಮೇಲೆ ಎಲ್ಲಿ ಬೀಳಬೇಕು? ಅಂಚಿನ ಒಂದು ತುದಿಯಲ್ಲಿ 100, ಇನ್ನೊಂದು ತುದಿಯಲ್ಲಿ 350 ಇದೆಯೆನ್ನಿ. ಅಂಚಿನ ಇಡೀ ಉದ್ದಕ್ಕೆ 250ರ ಏರಿಕೆಯಾದರೆ 200ರ ಏರಿಕೆಗೆ ಎಷ್ಟು ಉದ್ದ? ಐದರಲ್ಲಿ ನಾಲ್ಕು ಪಾಲು. ಇದು ಶಾಲೆಯಲ್ಲಿ ನಾವೆಲ್ಲರೂ ಕಲಿತ ತ್ರೈರಾಶಿಯೇ! ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ವಿವರಿಸಿದ ತ್ರೈರಾಶಿ. ಹಾಗೆಂದು ಲೊರೆನ್ಸನ್ ಮತ್ತು ಕ್ಲೈನ್ ಅವರ ಪ್ರತಿಭೆಯನ್ನು ನಾವು ಕಿರಿದುಗೊಳಿಸುತ್ತಿಲ್ಲ. ಎಲ್ಲರ ಕೈಯಲ್ಲಿದ್ದ ಇಟ್ಟಿಗೆಗಳಿಂದ ಯಾರೂ ಕಟ್ಟದಿದ್ದ ಮನೆಯನ್ನು ಅವರು ಕಟ್ಟಿದರು. 1987ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ಗಣಕಚಿತ್ರಣ ಶಾಸ್ತ್ರದಲ್ಲಿ ಇತರ ವಿದ್ವಾಂಸರು ಅತ್ಯಧಿಕವಾಗಿ ಉಲ್ಲೇಖಿಸಿರುವ ಪ್ರಬಂಧಗಳಲ್ಲಿ ಒಂದು. ವೈದ್ಯಶಾಸ್ತ್ರವಷ್ಟೇ ಅಲ್ಲದೆ ಭೂಗರ್ಭಶಾಸ್ತ್ರ, ದ್ರವಗಳ ಚಲನಶಾಸ್ತ್ರ ಮೊದಲಾದ ಕ್ಷೇತ್ರಗಳಲ್ಲೂ ಅದರ ಬಳಕೆಯಾಯಿತು.

ಆದರೆ ಪ್ರಬಂಧಕ್ಕೆ ಎರಡು ವರ್ಷ ಮೊದಲೇ, 1985ರಲ್ಲಿ, ಪೇಟೆಂಟಿಗಾಗಿ ಅರ್ಜಿ ಹೋಗಿತ್ತು. 1987ರ ಡಿಸೆಂಬರ್ 1ರಂದು 4,710,876ನೆಯ ಅಮೆರಿಕನ್ ಪೇಟೆಂಟು ದೊರೆಯಿತು. ಅದರ ತಲೆಬರಹದಲ್ಲಿರುವುದು ಲೆಕ್ಕದ ಮಾತಲ್ಲ; ಘನವಸ್ತುವಿನ ಒಳಗಿರುವ ಮೇಲ್ಮೈಗಳನ್ನು ತೋರಿಸುವ 'ವ್ಯವಸ್ಥೆ ಮತ್ತು ವಿಧಾನ'. ಇದಕ್ಕೆ ಕಾರಣವಿದೆ. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಂಕಿಗಳನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವ ಕೇವಲ ಲೆಕ್ಕಕ್ಕೆ ಪೇಟೆಂಟು ಸಲ್ಲದೆಂದು ತೀರ್ಪಿತ್ತಿತ್ತು. 1981ರಲ್ಲಿ ಅದೇ ನ್ಯಾಯಾಲಯವು ರಬ್ಬರನ್ನು ಹದಗೊಳಿಸುವ ಕಾರ್ಯದಲ್ಲಿ ಲೆಕ್ಕವನ್ನು ಬಳಸಿಕೊಂಡ ವಿಧಾನಕ್ಕೆ ಪೇಟೆಂಟು ಸಲ್ಲಬಹುದೆಂದಿತು. ಅಲ್ಲಿಂದೀಚೆಗೆ ಲೆಕ್ಕಕ್ಕೆ ಯಂತ್ರದ ಉಡುಪು ತೊಡಿಸಿ ಕಚೇರಿಯ ಬಾಗಿಲಿಗೆ ತರುವುದು ವಾಡಿಕೆಯಾಯಿತು. 2014ರಲ್ಲಿ ಆ ನ್ಯಾಯಾಲಯವೇ ಮತ್ತೊಂದು ತೀರ್ಪಿನಿಂದ ಈ ಬಾಗಿಲನ್ನು ಬಹುಮಟ್ಟಿಗೆ ಕಿರಿದುಮಾಡಿತು.

ಮುಂದಿನ ಕಥೆಯಲ್ಲಿ ನಮ್ಮ ವಾದದ ತಿರುಳಿದೆ. 1993ರಲ್ಲಿ ಲೊರೆನ್ಸನ್ ಅವರೂ ಅವರ ಇಬ್ಬರು ಸಂಗಡಿಗರೂ ಕಂಪನಿಯ ಒಪ್ಪಿಗೆ ಪಡೆದು, ತಮ್ಮ ಬಿಡುವಿನ ವೇಳೆಯಲ್ಲಿ, ವಿಜ್ಞಾನದ ಅಂಕಿಅಂಶಗಳನ್ನು ಚಿತ್ರಗಳಾಗಿ ಮಾರ್ಪಡಿಸುವ ಒಂದು ಪ್ರೋಗ್ರಾಮು ಭಂಡಾರವನ್ನು ರಚಿಸತೊಡಗಿದರು. ವಿ.ಟಿ.ಕೆ. ಎಂಬುದು ಅದರ ಹೆಸರು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಣ ಕೊಡದೆ ಬಳಸಬಹುದು. ಆದರೆ ಅದರೊಳಗೆ ಒಂದು ಕೋಣೆ ಮಾತ್ರ ಬೇರೆಯಾಗಿತ್ತು. ಪೇಟೆಂಟಿಗೆ ಒಳಪಟ್ಟವುಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದ ಆ ಭಾಗದಲ್ಲಿ ಮಾರ್ಚಿಂಗ್ ಕ್ಯೂಬ್ಸ್ ಕುಳಿತಿತ್ತು. ವ್ಯಾಪಾರಕ್ಕಾಗಿ ಬಳಸುವವರು ಕಂಪನಿಯಿಂದ ಪರವಾನಗಿ ಪಡೆಯತಕ್ಕದ್ದೆಂಬ ಎಚ್ಚರಿಕೆ ಅದರ ತಲೆಯ ಮೇಲಿತ್ತು. ತಾನು ಕಂಡುಹಿಡಿದ ಲೆಕ್ಕವನ್ನು ತಾನೇ ಕಟ್ಟಿದ ಧರ್ಮಛತ್ರದಲ್ಲಿ ಎಲ್ಲರಿಗೂ ಬಡಿಸುವ ಸ್ವಾತಂತ್ರ್ಯ ಸಂಶೋಧಕನಿಗೇ ಇರಲಿಲ್ಲ! ಪೇಟೆಂಟಿನ ಅವಧಿ 2005ರಲ್ಲಿ ತೀರಿದ ಮೇಲಷ್ಟೇ ಆ ಬೇಲಿ ಬಿದ್ದಿತು. 2019ರಲ್ಲಿ ಲೊರೆನ್ಸನ್ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಇನ್ನೂ ಹಲವು ಪೇಟೆಂಟುಗಳಿದ್ದವು. ಆದರೂ ಅವರ ಹೆಸರನ್ನು ಉಳಿಸಿರುವುದು ಆ ಪ್ರಬಂಧ ಮತ್ತು ಆ ಭಂಡಾರ ಎಂದೇ ನಮ್ಮ ಎಣಿಕೆ.

ಎದುರು ಪಕ್ಷದವರ ಮಾತನ್ನೂ ಕೇಳೋಣ. ಸಂಶೋಧನಾಲಯಕ್ಕೆ ಸಂಬಳ ಕೊಟ್ಟು, ದುಬಾರಿ ಯಂತ್ರಗಳನ್ನು ಒದಗಿಸಿದ್ದು ಕಂಪನಿ. ಪೇಟೆಂಟಿನ ರಕ್ಷಣೆ ಇಲ್ಲದಿದ್ದರೆ ಅದು ವಿಧಾನವನ್ನು ಪ್ರಕಟಿಸಲು ಬಿಡದೆ ಗುಟ್ಟಾಗಿಯೇ ಇಟ್ಟುಕೊಳ್ಳುತ್ತಿತ್ತೇನೋ. ಅಲ್ಲದೆ ಬೇಲಿ ಹಾಕಿದಾಗಲೇ ಹೊಸ ದಾರಿ ಹುಡುಕುವ ಬುದ್ಧಿ ಹುಟ್ಟುತ್ತದೆ. ಘನವನ್ನು ನಾಲ್ಕು ಮುಖದ ತುಂಡುಗಳಾಗಿ ಒಡೆದು ಲೆಕ್ಕ ಮಾಡುವ ಇನ್ನೊಂದು ವಿಧಾನವನ್ನು ಹಿಡಿದವರಲ್ಲಿ ಪೇಟೆಂಟಿನ ತೊಡಕನ್ನು ತಪ್ಪಿಸಿಕೊಳ್ಳಬಯಸಿದವರೂ ಇದ್ದರು. ಈ ವಾದಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ತೂಗಿ ನೋಡಿದರೆ ತಕ್ಕಡಿ ಇನ್ನೊಂದು ಕಡೆಗೇ ವಾಲುತ್ತದೆ.

ಚಿತ್ರಗಳ ಲೋಕದ್ದೇ ಇನ್ನೆರಡು ನಿದರ್ಶನಗಳನ್ನು ತೆಗೆದುಕೊಳ್ಳೋಣ. ದತ್ತಾಂಶವನ್ನು ಅಡಕಗೊಳಿಸುವ ಒಂದು ವಿಧಾನವನ್ನು ಟೆರಿ ವೆಲ್ಚ್ ಅವರು 1984ರಲ್ಲಿ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅದಕ್ಕೆ 1983ರಲ್ಲಿಯೇ ಪೇಟೆಂಟಿನ ಅರ್ಜಿ ಹೋಗಿತ್ತು. ಅದನ್ನು ಆಧರಿಸಿ 1987ರಲ್ಲಿ ಕಾಂಪ್ಯುಸರ್ವ್ ಎಂಬ ಸಂಸ್ಥೆಯು 'ಜಿಫ್' ಎಂಬ ಚಿತ್ರರೂಪವನ್ನು ರಚಿಸಿತು. ಲೋಕವೆಲ್ಲ ಅದನ್ನು ಬಳಸತೊಡಗಿತು. ಪೇಟೆಂಟನ್ನು ಹೊಂದಿದ್ದ ಯುನಿಸಿಸ್ ಕಂಪನಿಯು ಆ ರೂಪವನ್ನು ಬಳಸುವ ಪ್ರೋಗ್ರಾಮುಗಳಿಗೆ ಪರವಾನಗಿ ಬೇಕೆಂಬುದನ್ನು ಬಹಿರಂಗಪಡಿಸಿದ್ದು 1994ರ ಕೊನೆಯಲ್ಲಿ. ಏಳು ವರ್ಷ ಎಲ್ಲರೂ ನಡೆದಾಡಿದ ಹಾದಿಯಲ್ಲಿ ಥಟ್ಟನೆ ಸುಂಕದ ಕಟ್ಟೆ ಎದ್ದಂತಾಯಿತು. ನೊಂದ ಪ್ರೋಗ್ರಾಮುಕಾರರು ಮರುವರ್ಷವೇ ಕೂಡಿ, ಪೇಟೆಂಟಿನ ಹಂಗಿಲ್ಲದ 'ಪಿಂಗ್' ಎಂಬ ಚಿತ್ರರೂಪವನ್ನು ಕಟ್ಟಿದರು. ಇದಕ್ಕೆ ಪ್ರತಿಯಾಗಿ ಕೆನ್ ಪರ್ಲಿನ್ ಅವರನ್ನು ನೋಡಿ. ಅಮೃತಶಿಲೆ, ಮೋಡ, ಬೆಂಕಿ ಮುಂತಾದವುಗಳ ಸಹಜವಾದ ಒರಟುತನವನ್ನು ಲೆಕ್ಕದಿಂದಲೇ ಮೂಡಿಸುವ ವಿಧಾನವನ್ನು ಅವರು 1985ರಲ್ಲಿ ಪ್ರಕಟಿಸಿದರು, ಪೇಟೆಂಟು ಪಡೆಯಲಿಲ್ಲ. ಅದು ಚಲನಚಿತ್ರಗಳಲ್ಲಿಯೂ ಗಣಕದ ಆಟಗಳಲ್ಲಿಯೂ ಹರಡಿಕೊಂಡಿತು; 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿತು. ಅದೇ ವಿಧಾನದ ಸುಧಾರಿತ ರೂಪಕ್ಕೆ 2005ರಲ್ಲಿ ಪೇಟೆಂಟು ದೊರೆತಾಗ ಆದದ್ದೇನು? 2014ರಲ್ಲಿ ಅದನ್ನು ಬಳಸಿಕೊಂಡು ಹೋಗಲು ಅಂಜಿದವರು ಅದಕ್ಕೆ ಬದಲಿಯಾಗಿ ಇನ್ನೊಂದನ್ನು ರಚಿಸಿಕೊಂಡರು. ಒಬ್ಬನದೇ ಬುದ್ಧಿಯ ಎರಡು ಕೂಸುಗಳು. ಬೇಲಿಯಿಲ್ಲದ್ದು ಊರೆಲ್ಲ ಆಡಿತು, ಬೇಲಿಯೊಳಗಿನದರಿಂದ ನೆರೆಯವರು ದೂರ ಸರಿದರು.

ಇವುಗಳಿಂದ ನಾವು ತಲುಪುವ ನಿರ್ಣಯ ಇದು: ಯಂತ್ರಕ್ಕೆ ಪೇಟೆಂಟು ಸಲ್ಲಲಿ, ಲೆಕ್ಕದ ಕ್ರಮಕ್ಕೆ ಸಲ್ಲಬಾರದು. ಯಂತ್ರವನ್ನು ಮಾಡಲು ಕಬ್ಬಿಣ, ಕಾರ್ಖಾನೆ, ಬಂಡವಾಳ ಬೇಕು. ಅದನ್ನು ನಕಲು ಮಾಡುವವನು ತಿಳಿದೇ ಮಾಡುತ್ತಾನೆ. ಲೆಕ್ಕವಾದರೋ ಒಂದೇ ಪ್ರಶ್ನೆಯನ್ನು ಎದುರಿಸಿದ ಇಬ್ಬರು ವಿದ್ಯಾರ್ಥಿಗಳಿಗೆ, ಒಬ್ಬರ ಅರಿವು ಇನ್ನೊಬ್ಬರಿಗಿಲ್ಲದೆ, ಒಂದೇ ರಾತ್ರಿ ಹೊಳೆಯಬಹುದು. ಹಾಗೆ ತಾನಾಗಿ ಯೋಚಿಸಿದವನೂ ಪೇಟೆಂಟಿನ ಕಾನೂನಿನ ಮುಂದೆ ತಪ್ಪಿತಸ್ಥನೇ. ಕೆಲವೇ ವರ್ಷಗಳಲ್ಲಿ ಗಣಕಯಂತ್ರದ ತಲೆಮಾರೇ ಬದಲಾಗುವ ಶಾಸ್ತ್ರದಲ್ಲಿ ಇಪ್ಪತ್ತು ವರ್ಷದ ಬೇಲಿ ಬಹಳ ದೀರ್ಘವಾದುದು. ಪ್ರೋಗ್ರಾಮಿನ ಬರಹವನ್ನು ಅಕ್ಷರಶಃ ಕದಿಯುವುದನ್ನು ತಡೆಯಲು ಕೃತಿಸ್ವಾಮ್ಯದ ಕಾನೂನು ಇದ್ದೇ ಇದೆ. ಅದು ಪದಗಳನ್ನು ಕಾಯುತ್ತದೆ, ಆಲೋಚನೆಯನ್ನು ಕಟ್ಟಿಹಾಕುವುದಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ವಿವೇಕದ ಹಾದಿಯನ್ನು ಹಿಡಿದಿದೆ. 1970ರ ಪೇಟೆಂಟು ಅಧಿನಿಯಮಕ್ಕೆ 2002ರ ತಿದ್ದುಪಡಿಯಿಂದ ಸೇರಿದ 3(ಕೆ) ಪ್ರಕರಣವು ಗಣಿತದ ವಿಧಾನ, ಕೇವಲ ಗಣಕ ಪ್ರೋಗ್ರಾಮು, ಲೆಕ್ಕದ ಕ್ರಮ ಇವು ಪೇಟೆಂಟಿಗೆ ಅರ್ಹವಾದ ಆವಿಷ್ಕಾರಗಳಲ್ಲವೆಂದು ಸಾರುತ್ತದೆ. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆಯು ಈ ಬಾಗಿಲನ್ನು ಸಡಿಲಿಸಲೆತ್ನಿಸಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನಿನಲ್ಲಿ ಆ ಸಡಿಲಿಕೆ ಉಳಿಯಲಿಲ್ಲ. ಆದರೂ 'ಕೇವಲ' ಎಂಬ ಆ ಒಂದು ಪದದ ಸುತ್ತ ವಾದ ಮುಗಿದಿಲ್ಲ. ಪ್ರೋಗ್ರಾಮನ್ನು ಆಧರಿಸಿದೆಯೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಬಾರದು, ಅದರಿಂದ ತಾಂತ್ರಿಕ ಪರಿಣಾಮವುಂಟೇ ಎಂದು ನೋಡಬೇಕೆಂದು 2019ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಹೇಳಿತು. ಇದು ಒಪ್ಪತಕ್ಕ ಮಾತೇ. ಆದರೆ ತಾಂತ್ರಿಕ ಪರಿಣಾಮದ ಹೆಸರಿನಲ್ಲಿ ತ್ರೈರಾಶಿಗೇ ಯಂತ್ರದ ಉಡುಪು ತೊಡಿಸುವವರನ್ನು ಪೇಟೆಂಟು ಕಚೇರಿಗಳು ಬಾಗಿಲಲ್ಲಿಯೇ ಗುರುತಿಸಬೇಕು.

ವಿದ್ಯಾರ್ಥಿ ಮಿತ್ರರೇ, ಇದು ದೂರದ ದೇಶದ ಕಥೆಯೆಂದು ಬಗೆಯದಿರಿ. ಲೊರೆನ್ಸನ್ ಅವರು ದುಡಿದ ಅದೇ ಕಂಪನಿಯು 2000ದಲ್ಲಿ ಬೆಂಗಳೂರಿನಲ್ಲಿಯೂ ದೊಡ್ಡ ಸಂಶೋಧನಾ ಕೇಂದ್ರವನ್ನು ತೆರೆಯಿತು. ಇಂತಹ ಸಂಸ್ಥೆಗಳಿಗೆ ಸೇರುವ ದಿನ ನಿಮ್ಮ ಮುಂದೆ ಒಂದು ಒಪ್ಪಂದದ ಕಾಗದ ಬರುತ್ತದೆ. ಇನ್ನು ಮುಂದೆ ನಿಮಗೆ ಹೊಳೆಯುವುದು ಯಾರದೆಂಬುದನ್ನು ಆ ಕಾಗದ ನಿರ್ಣಯಿಸುತ್ತದೆ. ಅದನ್ನು ಓದಿಯೇ ರುಜು ಹಾಕಿ. ಹಾಗೆಂದು ಪೇಟೆಂಟುಗಳನ್ನು ತಿರಸ್ಕಾರದಿಂದ ನೋಡಬೇಡಿ. ಅವಧಿ ತೀರಿದ ಪೇಟೆಂಟು ಪತ್ರವು ಚಿತ್ರಸಹಿತವಾದ ಪಾಠಪುಸ್ತಕ; ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಮೇಲೆ ಹೇಳಿದ ಸಂಖ್ಯೆಯ ಪತ್ರವನ್ನು ತೆರೆದು ನೋಡಿ. ಒಂದು ಘನವನ್ನು ಕಾಗದದ ಮೇಲೆ ಬರೆದು, ಮೂಲೆಗಳಿಗೆ ಅಂಕಿಗಳನ್ನಿಟ್ಟು, ತ್ರಿಕೋನಗಳನ್ನು ಎಳೆದು ನೋಡಿ. 2005ರವರೆಗೆ ಅಮೆರಿಕದಲ್ಲಿ ಆ ಲೆಕ್ಕವನ್ನು ವ್ಯಾಪಾರಕ್ಕೆ ಬಳಸಲು ಅಪ್ಪಣೆ ಬೇಕಾಗಿತ್ತು. ಇಂದು ಅದು ನಿಮ್ಮದೂ ಹೌದು, ನಮ್ಮದೂ ಹೌದು.