ಸೂಪಾಕ್ಕೆ ಬಂದ ಬಿಲ್ಬಿ

ಕಳೆದ ತಿಂಗಳು ನಮ್ಮ ರಾಮನಗರದ ಮನೆಗೆ ಒಬ್ಬ ಅತಿಥಿ ಬಂದಿದ್ದ. ಹೆಬ್ಬೆರಳಿನಷ್ಟು ಎತ್ತರ, ಮೊಲದ ಕಿವಿ, ಚೂಪು ಮೂತಿ. ಕೊರಳಲ್ಲಿ ನಂಬರು ಕೊರೆದ ಲೋಹದ ಬಿಲ್ಲೆ. ಹೆಸರು ಬಿಲ್ಬಿ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನನ್ನ ತಮ್ಮನ ಮಗಳಿಗೆ ಜಿಯೋಕ್ಯಾಶಿಂಗ್ ಹುಚ್ಚು. ಜಿಪಿಎಸ್ ಹಿಡಿದು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟ ಅದು. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಡೇವ್ ಉಲ್ಮರ್ ಎಂಬವರು ಕಾಡಿನಲ್ಲಿ ಒಂದು ಬಕೆಟ್ ಹುದುಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ್ದರಿಂದ ಇದು ಶುರುವಾಯಿತಂತೆ. ಕೆಲವು ಡಬ್ಬಿಗಳಲ್ಲಿ ಇಂಥ ನಂಬರಿನ ಗೊಂಬೆಗಳೂ ಇರುತ್ತವೆ. ಸಿಕ್ಕವರು ಇಟ್ಟುಕೊಳ್ಳುವಂತಿಲ್ಲ. ಎಲ್ಲಿ ಸಿಕ್ಕಿತೆಂದು ಬರೆದು, ಮುಂದಿನ ಡಬ್ಬಿಗೆ ದಾಟಿಸಬೇಕು.

ಬಿಲ್ಬಿಗೆ ನಮ್ಮ ಹುಡುಗಿ ಕೊಟ್ಟ ಗುರಿ ಒಂದೇ: ‘ಸೂಪಾದಲ್ಲಿರುವ ನನ್ನ ಅಜ್ಜಿಯ ಮನೆ ನೋಡಬೇಕು.’ ಅದು ಕೈಯಿಂದ ಕೈಗೆ ದಾಟುತ್ತಾ ಬೆಂಗಳೂರಿನ ಪಾರ್ಕೊಂದಕ್ಕೆ ಬಂತು. ಅಲ್ಲಿಂದ ನನ್ನ ಮಗ ತಂದ. ಅಂದೇ ಪರ್ತ್‌ನಿಂದ ಫೋನು: “ಅತ್ತೆ, ಫೋಟೋದಲ್ಲಿ ಹಿಂದೆ ಅಜ್ಜಿ ಮನೆ ಕಾಣ್ಬೇಕು ಆಯ್ತಾ?”

ನನಗೆ ಮಾತೇ ಹೊರಡಲಿಲ್ಲ. ಊರು ಮುಳುಗಿದ್ದನ್ನು ತಮ್ಮ ಮಗಳಿಗೆ ಹೇಳಿಯೇ ಇರಲಿಲ್ಲ. ನಾನಾದರೂ ನನ್ನ ಮಗನಿಗೆ ಸರಿಯಾಗಿ ಎಲ್ಲಿ ಹೇಳಿದ್ದೆ?

ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಸೂಪಾ ಊರು ನೀರಿನಡಿ ಹೋಯಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ, ನಾವು ರಾಮನಗರಕ್ಕೆ. ಸೂಪಾ ಎಂಬ ಹೆಸರು ಅಣೆಕಟ್ಟಿಗೆ ಉಳಿಯಿತು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗಿ.

ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಹಿನ್ನೀರಿನ ದಂಡೆಗೆ ಹೋದೆವು. ದಾರಿಯಲ್ಲಿ ಮಗ ಅಜ್ಜಿಗೆ ಬಿಲ್ಬಿಯ ಕತೆ ಹೇಳಿದ. ಕಾಂಗರೂವಿನ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ. ನೆಲ ಬಗೆದು ಬಿಲದಲ್ಲಿರುತ್ತದೆ. ಹಿಂದೆ ಆಸ್ಟ್ರೇಲಿಯಾದ ಬಹುಭಾಗದಲ್ಲಿತ್ತು. ಹೊರಗಿನಿಂದ ತಂದ ನರಿ, ಬೆಕ್ಕುಗಳ ಕಾಟಕ್ಕೆ ಈಗ ಒಣ ಪ್ರದೇಶದ ಕೆಲವು ಕಡೆ ಮಾತ್ರ ಉಳಿದಿದೆ. ಚೀಲದ ಬಾಯಿ ಹಿಂದಕ್ಕಿರುತ್ತದೆ, ಬಗೆಯುವಾಗ ಮಣ್ಣು ಒಳಗೆ ಬೀಳದಂತೆ.

“ಶಾಣೇ ಐತಿ. ಕೂಸಿನ ಕಣ್ಣಾಗ ಮಣ್ಣು ಬೀಳಬಾರದಂತ” ಎಂದಳು ಅವ್ವ.

ದಂಡೆಯಲ್ಲಿ ನಿಂತು ಬಹಳ ಹೊತ್ತು ನೀರು ನೋಡಿದಳು. ಆಮೇಲೆ ಕೈ ಎತ್ತಿ, “ಆ ಗುಡ್ಡದ ನೇರಕ್ಕ. ಹಿತ್ತಲದಾಗ ಹಲಸಿನ ಮರ ಇತ್ತು” ಎಂದಳು. ಬಿಲ್ಬಿಯನ್ನು ಅಂಗೈ ಮೇಲೆ ನಿಲ್ಲಿಸಿ ಆ ದಿಕ್ಕಿಗೆ ತಿರುಗಿಸಿದಳು. ಮಗ ಫೋಟೋ ತೆಗೆದ. ಒಂದು ಮುದಿ ಕೈ, ಒಂದು ಗೊಂಬೆ, ಹಿಂದೆ ಬರೀ ನೀರು.

“ಇದನ್ನ ದೇವರ ಮುಂದ ಇಟ್ಕೊಳ್ಳೂಣು. ಊರು ನೋಡಾಕ ಬಂದೈತಿ” ಎಂದಳು ಅವ್ವ. ಇಟ್ಟುಕೊಳ್ಳುವಂತಿಲ್ಲ ಅಂದೆ. ಮುಖ ಸಣ್ಣದು ಮಾಡಿಕೊಂಡಳು. ನನಗೂ ಕೊಡಲು ಮನಸ್ಸಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ, “ಹೋಗಲಿ ಬಿಡು, ಅದಕ್ಕೂ ಊರೂರು ತಿರುಗೂದು ಬರದೈತಿ” ಎಂದು ಮಗನ ಕೈಗೆ ಕೊಟ್ಟಳು.

ವರದಿ ನಾನೇ ಬರೆದೆ. ನೆಟ್‌ವರ್ಕ್ ಸಿಗುವಲ್ಲಿ ಕಾರು ನಿಲ್ಲಿಸಿ, ನಾಲ್ಕು ಸಲ ಅಳಿಸಿ ಬರೆದೆ: ‘ಬಿಲ್ಬಿ ಸೂಪಾ ತಲುಪಿದೆ. ಅಜ್ಜಿಯ ಮನೆ ಈ ನೀರಿನ ಕೆಳಗಿದೆ. ಹಿತ್ತಲಲ್ಲಿ ಹಲಸಿನ ಮರವಿತ್ತು. ಉಳಿದದ್ದನ್ನು ನಿನ್ನ ಅಪ್ಪನನ್ನು ಕೇಳು.’

ಆ ರಾತ್ರಿ ತಮ್ಮ ಫೋನು ಮಾಡಿದ. ನನಗಲ್ಲ, ಅವ್ವನಿಗೆ. ಎರಡು ತಾಸು ಮಾತಾಡಿದರು. ಮನೆಗೆ ಬಾಗಿಲು ಎಷ್ಟಿದ್ದವು, ಬಾವಿ ಯಾವ ಕಡೆಗಿತ್ತು, ಎಲ್ಲವನ್ನೂ ಆ ಕಡೆಯಿಂದ ಹುಡುಗಿ ಕೇಳುತ್ತಿದ್ದಳು.

ಬಿಲ್ಬಿ ಮತ್ತೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ಯಾರದೋ ಚೀಲ ಸೇರಿದೆ. ಈಗ ಪ್ರತಿ ಭಾನುವಾರ ಅವ್ವನ ಮೊದಲ ಪ್ರಶ್ನೆ ಒಂದೇ: “ಆ ಕಿವೀ ಇಲಿ ಎಲ್ಲಿ ಮುಟ್ಟೇತಿ, ನೋಡಿದಿ?”