ಕ್ಲಚ್ ತುಳಿಯದವನ ಕೈಗೆ ಏಳೂವರೆ ಟನ್

‘ಇನ್ನು ಹತ್ತು ವರ್ಷಕ್ಕೆ ಕ್ಲಚ್ಚೇ ಇರುವುದಿಲ್ಲ, ಆಟೋಮ್ಯಾಟಿಕ್‌ಗೆ ಬೇರೆ ಲೈಸೆನ್ಸ್ ಯಾಕೆ?’ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಸ್ಕೂಟರಿಗೆ ಯಾಕಿದೆ?

1988ರ ಮೋಟಾರು ವಾಹನ ಕಾಯ್ದೆಯ 10ನೇ ಸೆಕ್ಷನ್ನು ಗೇರ್ ಇಲ್ಲದ ದ್ವಿಚಕ್ರಕ್ಕೊಂದು, ಗೇರ್ ಇರುವುದಕ್ಕೊಂದು ವರ್ಗ ಮಾಡಿಟ್ಟಿದೆ. ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟ ಹುಡುಗಿ ಅಣ್ಣನ ಬೈಕ್ ರಸ್ತೆಗಿಳಿಸಿದರೆ ತಪ್ಪು. ಸರಿ, ಒಪ್ಪೋಣ. ಆದರೆ ಕಾರಿಗೆ ಬಂದಾಗ ಇದೇ ಕಾನೂನಿಗೆ ಗೇರ್ ಲೆಕ್ಕಕ್ಕೇ ಇಲ್ಲ. ಆಟೋಮ್ಯಾಟಿಕ್‌ನಲ್ಲಿ ಪಾಸಾದವನಿಗೂ ಅದೇ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್. ಎಲ್‌ಎಂವಿ ಇದ್ದವರು 7,500 ಕೆಜಿ ಒಳಗಿನ ಸರಕು ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಎರಡೇ ಪೆಡಲ್ ಕಂಡ ಕಾಲಿಗೆ ಏಳೂವರೆ ಟನ್!

ಹೋದ ಮಳೆಗಾಲ ಚಾರ್ಮಾಡಿ ಘಾಟಿಯಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಮದುವೆ ಮನೆಯ ಪಾತ್ರೆ ತುಂಬಿದ ಪಿಕಪ್. ಸ್ಟೇರಿಂಗ್ ಹಿಡಿದಿದ್ದವನು ನನ್ನ ತಂಗಿಯ ಮಗ. ಅಪ್ಪನ ಆಟೋಮ್ಯಾಟಿಕ್ ಕಾರಿನಲ್ಲೇ ಕಲಿತು ಲೈಸೆನ್ಸ್ ಪಡೆದವನು. ತಿರುವಿನಲ್ಲಿ ಮುಂದಿನ ಬಸ್ಸು ನಿಂತಿತು, ನಾವೂ ನಿಂತೆವು. ಬಸ್ಸು ಹೊರಟಾಗ ಇವನು ಬ್ರೇಕಿನಿಂದ ಕಾಲು ತೆಗೆದ. ಹಾಫ್ ಕ್ಲಚ್ ಹಿಡಿಯಬೇಕು, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಬಿಡಬೇಕು ಎಂಬುದು ಅವನ ಕಾಲಿಗೂ ಕೈಗೂ ಗೊತ್ತೇ ಇರಲಿಲ್ಲ. ಎಂಜಿನ್ ಆಫ್ ಆಯಿತು, ಗಾಡಿ ಹಿಂದಕ್ಕೆ ಜಾರಿತು, ಹಿಂದೆ ಹಂಡೆಗಳು ಒಂದಕ್ಕೊಂದು ಬಡಿದವು. ಜೊತೆಗಿದ್ದ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಡದಿದ್ದರೆ ಹಿಂದಿದ್ದ ಬೈಕಿನವರ ಗತಿ? ಗಂಡ, ಹೆಂಡತಿ, ನಡುವೆ ಒಂದು ಮಗು.

ತಂಗಿಯ ಮಗನನ್ನು ನಾನು ಬೈಯಲಿಲ್ಲ. ಅವನ ಜೇಬಿನಲ್ಲಿ ಸರ್ಕಾರವೇ ಕೊಟ್ಟ ಕಾರ್ಡಿತ್ತು. ಸಿಟ್ಟು ಬರುವುದು ಆ ಕಾರ್ಡು ಕೊಟ್ಟ ವ್ಯವಸ್ಥೆಯ ಮೇಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಓದಿ: ಟೆಸ್ಟಿನಲ್ಲಿ ಟಾಪ್ ಗೇರ್‌ವರೆಗೆ ಎಲ್ಲ ಗೇರ್ ಹಾಕಿ ತೋರಿಸಬೇಕು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಮತ್ತೆ ಹೊರಡಬೇಕು. ಆಟೋಮ್ಯಾಟಿಕ್‌ನಲ್ಲಿ ಯಾವ ಗೇರ್ ಹಾಕಿ ತೋರಿಸಿದರು? ಯಾರು ನೋಡಿದರು? ಸಮತಟ್ಟು ಮೈದಾನದಲ್ಲಿ ಎಂಟು ಹಾಕಿಸಿ ಕಳಿಸುವುದಕ್ಕೆ ಪರೀಕ್ಷೆ ಎಂಬ ಹೆಸರೇಕೆ?

ಆಟೋಮ್ಯಾಟಿಕ್ ಕೀಳೆಂದು ನಾನು ಹೇಳುತ್ತಿಲ್ಲ. ಅದರಲ್ಲೇ ಕಲಿಯಲಿ, ಅದನ್ನೇ ಓಡಿಸಲಿ. ಆದರೆ ಆ ಆಯ್ಕೆ ಕಲಿಯುವವರದ್ದಾಗಿರಲಿ. ‘ಹೆಂಗಸರಿಗೆ ಆಟೋಮ್ಯಾಟಿಕ್ಕೇ ಸಾಕು ಮೇಡಂ’ ಎನ್ನುವ ಡ್ರೈವಿಂಗ್ ಸ್ಕೂಲಿನವರ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಕ್ಲಚ್ ಹಿಡಿಯಲು ಮೀಸೆ ಬೇಕಿಲ್ಲ, ಕಲಿಸುವ ಮನಸ್ಸು ಬೇಕು. ಗೇರ್ ಗಾಡಿ ಕಲಿಯಬಂದವಳಿಗೆ ತಮ್ಮ ಕಡೆಯ ಪೆಡಲ್ ತಾವೇ ತುಳಿಯುತ್ತಾ ದಿನ ತಳ್ಳಿ, ‘ನಿಮಗೆ ಕೈ ಕೂತಿಲ್ಲ’ ಎನ್ನುವುದು ಮೋಸ.

ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರ ಕಾರ್ಡಿನ ಮೇಲೆ 78 ಎಂಬ ಸಂಕೇತವಿರುತ್ತದೆ, ಅವರು ಗೇರ್ ಕಾರು ಮುಟ್ಟುವಂತಿಲ್ಲ. ನಮ್ಮ ಲೈಸೆನ್ಸಿಗೆ ಅಲ್ಲಿರುವ 12 ತಿಂಗಳ ಮಾನ್ಯತೆ ಮುಗಿದ ಮೇಲೆ ಟೆಸ್ಟ್ ಕೊಡುವ ಕನ್ನಡಿಗರೂ ಇದಕ್ಕೆ ತಲೆಬಾಗುತ್ತಾರೆ. ಜಪಾನ್ 1991ರಲ್ಲೇ ಆಟೋಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸ್ ತಂದಿತು.

ಕೇಂದ್ರ ಸರ್ಕಾರ ತಿದ್ದುಪಡಿ ತಂದು, ಆಟೋಮ್ಯಾಟಿಕ್ ಕಾರಿಗೆ ಬೇರೆ ವರ್ಗವೆಂದು 10ನೇ ಸೆಕ್ಷನ್ನಿಗೆ ಒಂದು ಸಾಲು ಸೇರಿಸಲಿ. ಸೇರಿಸುವವರೆಗೆ ನಮ್ಮ ಆರ್‌ಟಿಒಗಳು 15ನೇ ನಿಯಮವನ್ನು ಇದ್ದ ಹಾಗೆ ಪಾಲಿಸಲಿ. ದಿಬ್ಬ ಹತ್ತಿಸದೆ ಒಬ್ಬರಿಗೂ ಪಾಸು ಬರೆಯದಿರಲಿ.