ದಯವಿಟ್ಟು ಇನ್ನೊಂದು ಆ್ಯಪ್ ಬೇಡ

ಶನಿವಾರ ಬೆಂಗಳೂರಿನಿಂದ ರೈಲು ಹತ್ತಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು, ಹರಿಹರದ ಸಣ್ಣ ಮಹಿಳಾ ಸಂಸ್ಥೆಯೊಂದಕ್ಕೆ ಆ್ಯಪ್ ಮಾಡಿಕೊಟ್ಟು ಬಂದ ಪುಣ್ಯಾತ್ಮ ನಾನು. ಹಾರ ಹಾಕಿದರು. ಫೋಟೋ ಲಿಂಕ್ಡ್‌ಇನ್‌ಗೆ ಹೋಯಿತು. ಆರು ತಿಂಗಳು ಬಿಟ್ಟು ಹೋದರೆ ಅಕ್ಕಂದಿರು ಮತ್ತೆ ಉದ್ದನೆ ರಿಜಿಸ್ಟರಲ್ಲೇ ಬರೀತಿದ್ರು. ಯಾಕಕ್ಕಾ ಅಂದೆ.

"ತಮ್ಮಾ, ಮೊದಲು ರಿಜಿಸ್ಟರು, ಆಮೇಲೆ ನಿನ್ನ ಆ್ಯಪು, ಆಮೇಲೆ ದುಡ್ಡು ಕೊಡೋರ ಎಕ್ಸೆಲ್ಲು. ಹೆಂಗಸರ ಕಷ್ಟ ಕೇಳೋದು ಯಾವಾಗ?"

ಎನ್‌ಜಿಒಗಳು ಟೆಕ್ನಾಲಜಿಯಲ್ಲಿ ಹಿಂದೆ ಅನ್ನೋದು ನಮ್ಮೆಲ್ಲರ ಅಚ್ಚುಮೆಚ್ಚಿನ ದೂರು. ಸುಳ್ಳು. ನನ್ನ ಆ್ಯಪ್ ಇಂಗ್ಲಿಷಿನಲ್ಲಿತ್ತು, ನೆಟ್‌ವರ್ಕ್ ಇಲ್ಲದ ಕಡೆ ಸತ್ತು ಬೀಳುತ್ತಿತ್ತು, ರಿಪೇರಿಗೆ ನನ್ನ ಬಿಟ್ಟು ಯಾರೂ ಇರಲಿಲ್ಲ. ಇನ್ನೂ ಕೆಟ್ಟದ್ದು: ಗಂಡನ ಹೊಡೆತ ಹೇಳಿಕೊಂಡ ಹೆಂಗಸರ ಹೆಸರು, ಫೋನು, ಆಧಾರ್ ನಂಬರು ನಾನೇ ಮಾಡಿದ ಗೂಗಲ್ ಶೀಟಿನಲ್ಲಿ ಕೂತಿದ್ದವು. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದಿತ್ತು. ರಿಜಿಸ್ಟರಿಗಾದರೂ ಬೀರು, ಬೀಗ ಇತ್ತು.

ಇದೇ ಹರಿಹರದ ಕಥೆ ನೋಡಿ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕಂಪನಿಗೆ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಹಳ್ಳಿಗಳ ಸಾಮೂಹಿಕ ಭೂಮಿ ಗೊತ್ತಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮಾಡಿ, ನೀಲಗಿರಿ ಕಿತ್ತು ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಅವರ ಬಳಿ ಡ್ಯಾಶ್‌ಬೋರ್ಡ್ ಇರಲಿಲ್ಲ, ಕೇಳಬೇಕಾದ ಪ್ರಶ್ನೆ ಇತ್ತು: ಈ ಜಮೀನು ಯಾರದು? ನಾವು ಪ್ರಶ್ನೆ ಕೇಳದೆ ಉತ್ತರ ಕೋಡ್ ಮಾಡ್ತೀವಿ.

ಹಾಗಂತ ಟೆಕ್ನಾಲಜಿ ಬೇಡ ಅನ್ನುತ್ತಿಲ್ಲ. ಹೊಸದು ಕಟ್ಟಬೇಡಿ. ಒಡಿಕೆ, ಕೋಬೋ ಟೂಲ್‌ಬಾಕ್ಸ್ ಈಗಾಗಲೇ ಇವೆ, ಕನ್ನಡದಲ್ಲಿ ಪ್ರಶ್ನೆ ಹಾಕಬಹುದು, ನೆಟ್ ಇಲ್ಲದೆಯೂ ತುಂಬಬಹುದು. ಮೂರು ಕಡೆ ಬರೆಯೋದನ್ನ ಒಂದು ಕಡೆಗೆ ತನ್ನಿ. ಹಳೇ ನುಡಿ ಫಾಂಟಿನ ಕಡತಗಳನ್ನ ಯೂನಿಕೋಡಿಗೆ ಬದಲಾಯಿಸಿ. ಆಗ ಹತ್ತು ವರ್ಷದ ಕೇಸು ಹುಡುಕಿದರೆ ಸಿಗುತ್ತೆ. ಬೇಡದ ಆಧಾರ್ ನಂಬರು ಅಳಿಸಿ. ಇದ್ಯಾವುದಕ್ಕೂ ಹಾರ ಹಾಕಲ್ಲ, ಆದ್ರೆ ಕೆಲಸ ಆಗುತ್ತೆ.

ದಾನಿಗಳಿಗೂ ಒಂದು ಮಾತು. ಸಾಫ್ಟ್‌ವೇರಿಗೆ ಧಾರಾಳವಾಗಿ ಕೊಡ್ತೀರಿ, ಸಂಬಳಕ್ಕೆ ಕೈ ಬಿಗಿ ಹಿಡೀತೀರಿ. ಯುಬಿಡಿಟಿ, ಬಿಐಇಟಿಯಲ್ಲಿ ಓದಿದವರು ದಾವಣಗೆರೆಯಲ್ಲೇ ಸಿಗ್ತಾರೆ. ಅವರಲ್ಲೊಬ್ಬರಿಗೆ ಎರಡು ವರ್ಷ ಸಂಬಳ ಕೊಡಿ.

ನಮ್ಮಂಥ ವೀಕೆಂಡ್ ಉದ್ಧಾರಕರು ಮೊದಲ ಸಲ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇಟ್ಟು, ಅಕ್ಕನ ಜೊತೆ ಒಂದು ದಿನ ಮನೆಮನೆ ಸುತ್ತೋಣ. ಅದಕ್ಕೂ ಟೈಮ್ ಇಲ್ವಾ? ಹಾಗಿದ್ರೆ ಬೆಣ್ಣೆ ದೋಸೆ ತಿಂದು ವಾಪಸ್ ಬನ್ನಿ. ಸಂಸ್ಥೆಗೆ ನಷ್ಟವಾದರೂ ತಪ್ಪುತ್ತೆ.